ಹಿತ್ತಲ ಹಕ್ಕಿಗಳ ಲೆಕ್ಕ

ಎಣಿಸುವುದೆಂದರೆ ನಮ್ಮ ಜನಕ್ಕೆ ಮೊದಲಿನಿಂದಲೂ ಒಂದು ಬಗೆಯ ಅಳುಕು. ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಮಕ್ಕಳ ತಲೆಯನ್ನು ಎಣಿಸಕೂಡದು, ದೃಷ್ಟಿಯಾದೀತು. ಬಳ್ಳಿಯಲ್ಲಿ ಬಿಟ್ಟ ಕುಂಬಳದ ಮಿಡಿಯತ್ತ ಬೆರಳು ಚಾಚಕೂಡದು, ಕೊಳೆತುಹೋದೀತು. ಕಣದಲ್ಲಿ ರಾಗಿ ಅಳೆಯುವ ರೈತ ಮೊದಲ ಕೊಳಗವನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ಸಿರಿಯನ್ನು ಎಣಿಸಿದರೆ ಸಿರಿ ಮುನಿಯುತ್ತದೆ ಎಂಬ ಭಯ. ಈ ಭಯದಲ್ಲಿ ಒಂದು ವಿನಯವೂ ಉಂಟು. ಅದನ್ನು ನಾನು ಹಳಿಯುವವನಲ್ಲ. ಆದರೆ ನನ್ನ ಪಾಲಿಗೆ ಬಂದ ಬದುಕೇ ಬೇರೆ. ಮೂವತ್ತನಾಲ್ಕು ವರ್ಷ ಎಣಿಸುವ ಕೆಲಸದಿಂದಲೇ ಅನ್ನ ತಿಂದವನು ನಾನು. ಲೆಕ್ಕ ತಪಾಸಣೆ ನನ್ನ ಕಸುಬು. ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗಿ, ಕಚೇರಿಗಳ ಬೀರು ತೆಗೆಸಿ, ಇದೆ ಎಂದು ಪುಸ್ತಕದಲ್ಲಿ ಬರೆದದ್ದು ನಿಜವಾಗಿಯೂ ಇದೆಯೇ ಎಂದು ನೋಡುವುದು. ನನ್ನನ್ನು ಕಂಡು ಸಂತೋಷಪಟ್ಟ ಗುಮಾಸ್ತೆ ಆ ಮೂವತ್ತನಾಲ್ಕು ವರ್ಷದಲ್ಲಿ ಒಬ್ಬನೂ ಇರಲಿಲ್ಲ.

ಈಗ ನಾನು ಹಕ್ಕಿಗಳನ್ನು ಎಣಿಸುತ್ತೇನೆ. ಅವಕ್ಕೂ ನನ್ನನ್ನು ಕಂಡರೆ ಸಂತೋಷವೇನಿಲ್ಲ. ಆದರೆ ಹೆದರಿಕೆಯೂ ಇಲ್ಲ. ಅಷ್ಟರ ಮಟ್ಟಿಗೆ ಇದನ್ನು ಬಡ್ತಿಯೆಂದೇ ತಿಳಿದಿದ್ದೇನೆ.

ನಮ್ಮದು ಮೈಸೂರಿನ ಒಂದು ಹಳೆಯ ಬಡಾವಣೆ. ಮನೆ ಚಿಕ್ಕದು, ಹಿತ್ತಲು ಮನೆಗಿಂತ ದೊಡ್ಡದು. ನನ್ನ ತಂದೆಯವರ ಕಾಲದ ಒಂದು ಮಾವು, ಒಂದು ಸೀಬೆ, ಕರಿಬೇವಿನ ಗುಂಪು, ಬೇಲಿಯುದ್ದಕ್ಕೂ ದಾಸವಾಳ, ಬಚ್ಚಲ ನೀರು ಹೋಗುವ ಕಡೆ ನಾಲ್ಕು ಬಾಳೆ. ತೋಟವೆಂದು ಹೇಳಿಕೊಳ್ಳುವಷ್ಟು ಅಂದವೇನೂ ಇಲ್ಲ. ಅಂದಗೆಟ್ಟಿರುವುದೇ ಅದರ ಭಾಗ್ಯ. ಒಪ್ಪವಾಗಿ ಕತ್ತರಿಸಿದ ಹುಲ್ಲಿನಲ್ಲಿ ಹಕ್ಕಿಗೆ ತಿನ್ನಲು ಏನಿದ್ದೀತು? ಒಣಗಿದೆಲೆ ಕೊಳೆತು, ಅದರಡಿ ಹುಳು ಹುಟ್ಟಿದಲ್ಲಿ ಹಕ್ಕಿಗೆ ಹಬ್ಬದೂಟ.

ಎಣಿಕೆಗೆ ನನ್ನನ್ನು ಹಚ್ಚಿದವಳು ನನ್ನ ಮೊಮ್ಮಗಳು. ೨೦೧೭ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾಲೇಜಿನಿಂದ ನಾಲ್ಕು ದಿನಕ್ಕೆಂದು ಬಂದಿದ್ದಳು. ಬಂದವಳು ಬೆಳಿಗ್ಗೆ ಎದ್ದು, ಕಾಫಿಯ ಲೋಟ ಹಿಡಿದು, ಹಿತ್ತಲ ಕಟ್ಟೆಯ ಮೇಲೆ ಕುಳಿತು ಏನನ್ನೋ ಬರೆದುಕೊಳ್ಳುತ್ತಿದ್ದಳು. ಏನು ತಾಯಿ ಎಂದರೆ, “ಹಕ್ಕಿ ಎಣಿಸ್ತಾ ಇದೀನಿ, ತಾತ. ಈ ನಾಲ್ಕು ದಿನ ಪ್ರಪಂಚದಲ್ಲೆಲ್ಲ ಎಣಿಸ್ತಾರೆ” ಎಂದಳು. ನನಗೆ ಕಿವಿ ನಿಮಿರಿತು. ಪ್ರಪಂಚದ ಎಣಿಕೆಯೊಂದು ನಡೆಯುತ್ತಿದ್ದು, ಅದಕ್ಕೆ ನನ್ನ ಹಿತ್ತಲೂ ಸೇರಿದೆ ಎಂದರೆ ಸುಮ್ಮನಿರುವುದು ಹೇಗೆ?

ಅವಳು ವಿವರಿಸಿದಳು. ಫೆಬ್ರವರಿಯ ನಾಲ್ಕು ದಿನ ನಡೆಯುವ ಈ ಹಿತ್ತಲ ಹಕ್ಕಿಗಳ ಎಣಿಕೆಯನ್ನು ೧೯೯೮ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿ ಪ್ರಯೋಗಾಲಯವೂ ಆಡುಬಾನ್ ಸಂಸ್ಥೆಯೂ ಸೇರಿ ಆರಂಭಿಸಿದುವು. ೨೦೧೩ರಲ್ಲಿ ಅದು ಜಗತ್ತಿಗೆಲ್ಲ ತೆರೆಯಿತು; ನಮ್ಮ ದೇಶವೂ ಆ ವರ್ಷವೇ ಸೇರಿತು. ನಿಯಮಗಳು ಸರಳ. ಕಡಿಮೆಯೆಂದರೆ ಹದಿನೈದು ನಿಮಿಷ ಕೂಡಬೇಕು. ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆಯಬೇಕು. ಚಂದದವನ್ನು ಮಾತ್ರ ಆರಿಸಿ ಬರೆಯಕೂಡದು.

ಈ ಕೊನೆಯ ನಿಯಮ ಕೇಳಿದೊಡನೆ ನನಗೆ ಇದರಲ್ಲಿ ಗೌರವ ಹುಟ್ಟಿತು. ಬೆಲೆಬಾಳುವ ವಸ್ತುವನ್ನಷ್ಟೇ ಪರೀಕ್ಷಿಸಿ, ಬಕೆಟ್ಟು ಪೊರಕೆಗಳನ್ನು ಬಿಟ್ಟುಬಿಡುವ ತಪಾಸಣೆ ತಪಾಸಣೆಯಲ್ಲ. ಕಾಗೆಯೂ ದಾಸ್ತಾನಿನ ಬಾಬತ್ತೇ.

ಮೊದಲ ದಿನ ನಾನೊಂದು ಉದ್ದನೆಯ ರೂಲು ಪುಸ್ತಕ ತಂದೆ. ತಾರೀಖು, ವೇಳೆ, ಹವೆ, ಹೆಸರು, ಸಂಖ್ಯೆ, ಷರಾ ಎಂದು ಗೆರೆ ಎಳೆದೆ. ಮೊಮ್ಮಗಳು ನಕ್ಕಳು, ಅವಳ ಲೆಕ್ಕವೆಲ್ಲ ಫೋನಿನಲ್ಲೇ ನಡೆಯುತ್ತದೆ. ಈಗಲೂ ವಾರಕ್ಕೊಮ್ಮೆ ನಾನು ಪುಸ್ತಕ ನೋಡಿ ಓದುತ್ತೇನೆ, ಅವಳು ಆ ತುದಿಯಲ್ಲಿ ಕೇಳಿಸಿಕೊಂಡು ಜಾಗತಿಕ ಕಡತಕ್ಕೆ ಏರಿಸುತ್ತಾಳೆ. ಅಜ್ಜ ಗುಮಾಸ್ತೆ, ಮೊಮ್ಮಗಳು ಮೇಲಧಿಕಾರಿ. ಏಳೆಂಟು ಪುಸ್ತಕ ತುಂಬಿದುವು.

ಹಕ್ಕಿಯನ್ನು ಎಣಿಸುವುದು ಸುಲಭವೆಂದು ಯಾರಾದರೂ ಭಾವಿಸಿದ್ದರೆ ಅಂಥವರು ಒಂದು ಬೆಳಿಗ್ಗೆ ನಮ್ಮ ಹಿತ್ತಲಿಗೆ ದಯಮಾಡಿಸಬೇಕು. ಸರ್ಕಾರಿ ಬೀರು ನಿಂತಲ್ಲಿ ನಿಂತಿರುತ್ತದೆ. ಹಕ್ಕಿ ಹಾಗಲ್ಲ. ಮಾವಿನ ಎಡಗೊಂಬೆಯಲ್ಲಿ ಎರಡು ಗೊರವಂಕ ಕಂಡು ಬರೆದುಕೊಳ್ಳುವಷ್ಟರಲ್ಲಿ ಬಲಗೊಂಬೆಯಲ್ಲಿ ಮೂರು. ಇವು ಅವೆಯೋ, ಬೇರೆಯೋ? ಒಂದೇ ಬೆಂಚನ್ನು ಎರಡು ಕೊಠಡಿಗಳಲ್ಲಿ ತೋರಿಸಿ ಎರಡೆಂದು ಲೆಕ್ಕ ಒಪ್ಪಿಸುವ ಜಾಣರನ್ನು ಕಂಡವನು ನಾನು. ಆದರೆ ಗೊರವಂಕಗಳ ಮುಂದೆ ಅವರು ಏನೂ ಅಲ್ಲ. ಇಂಗ್ಲೆಂಡಿನಲ್ಲಿ ೧೯೭೯ರಿಂದ ನಡೆಯುತ್ತಿರುವ ತೋಟದ ಹಕ್ಕಿಗಳ ಎಣಿಕೆಯಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ಮಾಡಿದ್ದಾರೆ. ಒಂದು ಗಂಟೆ ನೋಡಬೇಕು. ಒಂದೊಂದು ಜಾತಿಯಲ್ಲೂ ಏಕಕಾಲಕ್ಕೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಬೇಕು. ಒಮ್ಮೆ ಎರಡು, ಮತ್ತೊಮ್ಮೆ ಮೂರು ಕಂಡರೆ ಐದಲ್ಲ, ಮೂರು. ಲೆಕ್ಕ ಕಡಿಮೆಯಾದರೂ ಆದೀತು, ಸುಳ್ಳಾಗುವುದಿಲ್ಲ. ನನ್ನ ಪುಸ್ತಕದಲ್ಲೂ ಇದೇ ಕಟ್ಟಳೆ.

ಇನ್ನು ಕಣ್ಣಿಗೆ ಬೀಳದೆ ಕಿವಿಗೆ ಮಾತ್ರ ಬೀಳುವ ಹಕ್ಕಿಗಳು. ಕುಟ್ರುಹಕ್ಕಿ ಎಲೆಯ ಬಣ್ಣದ್ದು. ಎಲೆಗಳ ನಡುವೆ ಕುಳಿತು ಇಡೀ ಬೀದಿಗೆ ಕೇಳುವಂತೆ ‘ಕುಟ್ರೂ ಕುಟ್ರೂ’ ಎಂದು ಕೂಗುತ್ತದೆ. ನಾವು ಕತ್ತು ನೋಯುವವರೆಗೂ ಹುಡುಕಬೇಕು. ಈ ವಿಭಾಗವನ್ನು ನನ್ನಾಕೆ ವಹಿಸಿಕೊಂಡಿದ್ದಾಳೆ. ಅಡಿಗೆಮನೆಯ ಕಿಟಕಿ ಹಿತ್ತಲಿಗೆ ತೆರೆಯುತ್ತದೆ. ಒಗ್ಗರಣೆಯ ಚಟಪಟದ ನಡುವೆಯೇ, “ರೀ, ಕುಟ್ರುಹಕ್ಕಿ ಎರಡು. ಒಂದು ಕೂಗಿತು, ಇನ್ನೊಂದು ಪಕ್ಕದ ಮನೆಯಿಂದ ಓಗೊಟ್ಟಿತು” ಎನ್ನುತ್ತಾಳೆ. ಕೋಗಿಲೆಯ ಗಂಡು ‘ಕುಹೂ’ ಎನ್ನುವುದು ಎಲ್ಲರಿಗೂ ಗೊತ್ತು. ಅದರ ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳ ಹಕ್ಕಿ. ಹಾಡುವುದಿಲ್ಲ, ‘ಕಿಕ್ ಕಿಕ್’ ಎಂದು ಗದರಿಸಿದಂತೆ ಕೂಗಿ ಹಾರುತ್ತದೆ. “ಹಾಡಿಕೊಂಡು ಹೆಸರು ತಗೊಳ್ಳೋನು ಅವನು, ಕಾಗೆ ಗೂಡು ಹುಡುಕಿ ಮೊಟ್ಟೆ ಇಡೋ ಪಾಡು ಇವಳದು” ಎಂದು ನನ್ನಾಕೆ ಒಂದು ದಿನ ಷರಾ ಬರೆಸಿದಳು. ಆ ಷರಾ ಕೋಗಿಲೆಗೆ ಮಾತ್ರ ಸಂಬಂಧಿಸಿದ್ದೆಂದು ನಂಬಿಕೊಂಡು ನಾನು ಬರೆದುಕೊಂಡೆ.

ಬೀದಿಯ ಜನಕ್ಕೆ ಒಂದು ತಿಂಗಳು ನನ್ನ ಮೇಲೆ ಗುಮಾನಿಯಿತ್ತು. ಅರವತ್ತು ದಾಟಿದ ಮನುಷ್ಯ ದುರ್ಬೀನು ಹಿಡಿದು ಕಾಂಪೌಂಡಿನ ಬಳಿ ನಿಂತರೆ ಯಾರು ತಾನೆ ಒಳ್ಳೆಯದನ್ನು ಯೋಚಿಸಿಯಾರು? ಆಮೇಲೆ ರೂಢಿಯಾಯಿತು. ಈಗ ಹಾಲಿನ ಹುಡುಗನೂ ಗೇಟಿನಲ್ಲಿ ನಿಂತು, “ಸಾರ್, ಆ ಮೂಲೆ ಮನೆ ಕಂಬದ ಮೇಲೆ ನೀಲಿ ಹಕ್ಕಿ ಕೂತೈತೆ” ಎಂದು ವರದಿ ಒಪ್ಪಿಸುತ್ತಾನೆ. ಅದು ಮಿಂಚುಳ್ಳಿ. ಮೂಲೆಮನೆ ನನ್ನ ಸರಹದ್ದಿಗೆ ಸೇರಿದ್ದಲ್ಲವಾದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ; ಆದರೆ ಹುಡುಗನಿಗೆ ಧನ್ಯವಾದ ಹೇಳುತ್ತೇನೆ.

ಹಕ್ಕಿಯನ್ನು ನೋಡಿ ಸಂತೋಷಪಡುವುದಕ್ಕೆ ಪುಸ್ತಕ ಯಾಕೆ, ಸಂಖ್ಯೆ ಯಾಕೆ ಎಂದು ರಸಿಕರು ಕೇಳುವುದುಂಟು. ಸುಮ್ಮನೆ ನೋಡುವವನಿಗೆ ಹೊಸದು ಕಾಣುತ್ತದೆ, ಬಣ್ಣದ್ದು ಕಾಣುತ್ತದೆ. ಎಣಿಸುವವನಿಗೆ ಹಳೆಯದೂ ಕಾಣಬೇಕು. ದಿನವೂ ಅದೇ ಮಡಿವಾಳ ಹಕ್ಕಿ ಅದೇ ನಲ್ಲಿಯ ಕೊಳವೆಯ ಮೇಲೆ ಬಾಲವೆತ್ತಿ ಕೂಡುವುದನ್ನು ಅವನು ದಿನವೂ ಬರೆಯಬೇಕು. ಹಾಗೆ ಬರೆಯುತ್ತಾ ಹೋದ ಮೇಲೆ ಹಿತ್ತಲಿಗೊಂದು ದಿನಚರಿಯಿರುವುದು ಗೊತ್ತಾಗುತ್ತದೆ. ಎಲ್ಲರಿಗಿಂತ ಮೊದಲು ಮಡಿವಾಳ ಹಕ್ಕಿ. ಆಮೇಲೆ ಕಾಗೆ. ಬಿಸಿಲು ದಾಸವಾಳದ ಮೇಲೆ ಬಿದ್ದ ಮೇಲೆ ಸೂರಕ್ಕಿಯ ಜೋಡಿ. ಎಲೆಗಳನ್ನು ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿಗೆ ಕರಿಬೇವಿನ ಗುಂಪೇ ಬೇಕು. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು ಬೊಟ್ಟು ಇರುವ ಕೆಮ್ಮೀಸೆ ಪಿಕಳಾರಗಳು ಗಂಡಹೆಂಡಿರಂತೆ ಮಾತಾಡಿಕೊಂಡೇ ಬರುತ್ತವೆ. ಸಂಜೆ ಬೆಳ್ಳಕ್ಕಿಗಳ ಸಾಲು ಕುಕ್ಕರಹಳ್ಳಿ ಕೆರೆಯ ಕಡೆಗೆ.

ವರ್ಷಕ್ಕೂ ಒಂದು ಪಂಚಾಂಗವಿದೆ. ಮಳೆಗಾಲ ಹಿಂದಾಗುವ ವೇಳೆಗೆ, ಸಾಮಾನ್ಯವಾಗಿ ಗಣೇಶನ ಹಬ್ಬದ ಆಚೀಚೆ, ಬಚ್ಚಲ ನೀರಿನ ಕಾಲುವೆಯ ಹತ್ತಿರ ಬೂದು ಸಿಪಿಲೆ ಬಂದಿಳಿಯುತ್ತದೆ. ಹಳದಿ ಹೊಟ್ಟೆ, ನಿಮಿಷವೂ ನಿಲ್ಲದೆ ಕುಣಿಯುವ ಬಾಲ. ಅದು ಬರುವುದು ಹಿಮಾಲಯದ ಕಡೆಯಿಂದ. ಅದರ ಹಿಂದೆಯೇ ಮಾವಿನ ಎಲೆಗಳೊಳಗೆ ಎಲೆಯಷ್ಟೇ ಹಸುರಾದ ಪುಟ್ಟ ಉಲಿಯಕ್ಕಿ. ಅದರ ತೂಕ ಹತ್ತು ಗ್ರಾಮಿಗೂ ಕಡಿಮೆ. ಹಿಮಾಲಯದಲ್ಲೋ ಅದಕ್ಕೂ ಉತ್ತರದ ಕಾಡುಗಳಲ್ಲೋ ಮರಿ ಮಾಡಿ, ಮೈಸೂರಿನ ಹಿತ್ತಲೊಂದರಲ್ಲಿ ಚಳಿಗಾಲ ಕಳೆಯಲು ಇಷ್ಟು ದೂರ ಬಂದಿದೆ. ಬಂದ ದಿನ ಅದರ ಹೆಸರಿನ ಮುಂದೆ ‘೧’ ಎಂದು ಬರೆಯುವಾಗ ನನಗಾಗುವ ಸಂತೋಷ, ಪರದೇಶದಲ್ಲಿರುವ ಮಗ ಕ್ಷೇಮವಾಗಿ ತಲುಪಿದೆನೆಂದು ಫೋನು ಮಾಡಿದಾಗಿನ ಸಂತೋಷಕ್ಕೆ ಬಹಳ ಹತ್ತಿರದ್ದು. ಬೇಸಗೆ ಬಲಿಯುವಷ್ಟರಲ್ಲಿ ಎರಡೂ ಹೊರಟುಹೋಗುತ್ತವೆ. ಹೇಳದೆ ಹೋಗುತ್ತವೆ. ಪುಸ್ತಕದಲ್ಲಿ ಒಂದು ವಾರ ಖಾಲಿ ಬಿದ್ದ ಮೇಲೆಯೇ ಹೋದುವೆಂದು ತಿಳಿಯುವುದು.

ಈ ಎಣಿಕೆಯ ಪದ್ಧತಿ ಹುಟ್ಟಿದ ಕಥೆ ಸ್ವಾರಸ್ಯವಾದದ್ದು. ಅಮೆರಿಕದಲ್ಲಿ ಹಿಂದೆ ಕ್ರಿಸ್‌ಮಸ್ ದಿನ ಗೆಳೆಯರು ಎರಡು ತಂಡವಾಗಿ ಬಂದೂಕು ಹಿಡಿದು ಹೊರಟು, ಸಂಜೆಗೆ ಯಾವ ತಂಡದ ರಾಶಿ ದೊಡ್ಡದೋ ಅದು ಗೆದ್ದಿತೆನ್ನುವ ಆಟವಿತ್ತು. ಅಲ್ಲಿಯೂ ಎಣಿಕೆಯೇ, ಸತ್ತ ಹಕ್ಕಿಗಳ ಎಣಿಕೆ. ಫ್ರಾಂಕ್ ಚ್ಯಾಪ್‌ಮನ್ ಎಂಬ ಪಕ್ಷಿತಜ್ಞ ೧೯೦೦ರಲ್ಲಿ ಒಂದು ಸಲಹೆ ಕೊಟ್ಟ: ಈ ವರ್ಷ ಕೊಲ್ಲುವುದು ಬೇಡ, ಜೀವಂತ ಹಕ್ಕಿಗಳನ್ನು ಎಣಿಸಿ ಪಟ್ಟಿ ಕಳುಹಿಸಿ ಎಂದು. ಆ ಕ್ರಿಸ್‌ಮಸ್‌ನಂದು ಇಪ್ಪತ್ತೇಳು ಮಂದಿ ಇಪ್ಪತ್ತೈದು ಕಡೆ ಎಣಿಸಿದರು. ಆ ಎಣಿಕೆ ಇಂದಿಗೂ ಪ್ರತಿ ವರ್ಷ ನಡೆಯುತ್ತದೆ. ಸಂಖ್ಯೆ ಅದೇ, ಎಣಿಸುವ ಬೆರಳು ಅದೇ; ಮನಸ್ಸು ಮಾತ್ರ ಬದಲಾಯಿತು.

ನಮ್ಮ ಮೈಸೂರಿಗೂ ಈ ವಿದ್ಯೆಯಲ್ಲಿ ಹಳೆಯ ಹೆಸರಿದೆ. ಸಾಲಿಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ೧೯೪೨-೪೩ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ಹಕ್ಕಿ ಎಲ್ಲಿ ಉಂಟು ಎಂಬುದು ಆ ಕಾಲದ ಪ್ರಶ್ನೆ. ಎಷ್ಟು ಉಂಟು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಗೆ ಒಬ್ಬ ಪಂಡಿತ, ಅವರೆಷ್ಟೇ ದೊಡ್ಡವರಾಗಲಿ, ಉತ್ತರ ಕೊಡಲಾರರು. ಅದಕ್ಕೆ ಸಾವಿರಾರು ಹಿತ್ತಲುಗಳಲ್ಲಿ ಸಾವಿರಾರು ಸಾಮಾನ್ಯರು ಕೂತು ಬರೆಯಬೇಕು. ೨೦೨೩ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಗೆ ಆಧಾರವಾದದ್ದು ಸುಮಾರು ಮೂವತ್ತು ಸಾವಿರ ಪಕ್ಷಿವೀಕ್ಷಕರು ಬರೆದಿಟ್ಟ ಸುಮಾರು ಮೂರು ಕೋಟಿ ದಾಖಲೆಗಳು. ಒಂಬೈನೂರ ನಲವತ್ತೆರಡು ಜಾತಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ನೂರ ಎಪ್ಪತ್ತೆಂಟು ಜಾತಿಗಳ ವಿಷಯದಲ್ಲಿ ತುರ್ತಾಗಿ ಗಮನ ಕೊಡಬೇಕೆಂದಿದ್ದಾರೆ. ನವಿಲು, ಪಾರಿವಾಳ, ಕೋಗಿಲೆ, ಊರುಕಾಗೆ ಹೆಚ್ಚುತ್ತಿವೆಯಂತೆ. ಆ ಮೂರು ಕೋಟಿಯ ನಡುವೆ ನನ್ನಾಕೆ ಒಗ್ಗರಣೆ ಹಾಕುತ್ತಾ ಎಣಿಸಿದ ಕುಟ್ರುಹಕ್ಕಿಗಳೂ ಇವೆ ಎಂಬುದು ನಮ್ಮ ಮನೆಯ ಒಂದು ಹೆಮ್ಮೆ.

ಈಗ ಗುಬ್ಬಚ್ಚಿಯ ವಿಷಯಕ್ಕೆ ಬರುತ್ತೇನೆ. ಹಕ್ಕಿಯ ಮಾತು ತೆಗೆದರೆ ನನ್ನ ವಯಸ್ಸಿನವರೆಲ್ಲರೂ ಹೇಳುವುದು ಒಂದೇ: “ನಮ್ಮ ಕಾಲದಲ್ಲಿ ಎಷ್ಟೊಂದು ಗುಬ್ಬಚ್ಚಿಗಳಿದ್ದುವು!” ಇದ್ದುವು, ನಿಜ. ಹೆಂಚಿನ ಸಂದಿಯಲ್ಲಿ ಇದ್ದುವು, ಗೋಡೆಗೆ ಒರಗಿಸಿದ ದೇವರ ಪಟಗಳ ಹಿಂದೆ ಇದ್ದುವು, ಅಮ್ಮ ಅಕ್ಕಿ ಆರಿಸುವಾಗ ಮೊರದ ಅಂಚಿನವರೆಗೂ ಬರುತ್ತಿದ್ದುವು. ಆದರೆ ಎಷ್ಟಿದ್ದುವು? ಹತ್ತೋ, ನಲವತ್ತೋ? ಯಾರನ್ನು ಕೇಳಿದರೂ ‘ಎಷ್ಟೊಂದು’ ಎಂಬ ಉತ್ತರವೇ. ಎಷ್ಟೊಂದು ಎಂಬುದು ಸಂಖ್ಯೆಯಲ್ಲ. ಅದರಿಂದ ಕಳೆಯಲು ಬರುವುದಿಲ್ಲ, ಅದಕ್ಕೆ ಕೂಡಿಸಲು ಬರುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಆರಂಭದ ಶಿಲ್ಕನ್ನೇ ಬರೆಯದ ಖಾತೆ ಅದು. ಖಜಾನೆಯಿಂದ ಹಣ ಹೋಗಿದೆ ಎಂದು ಎಲ್ಲರಿಗೂ ಅನ್ನಿಸುತ್ತಿದೆ. ಎಷ್ಟು ಹೋಯಿತು, ಯಾವಾಗ ಹೋಯಿತು ಎಂದು ತೋರಿಸಲು ಒಂದು ಚೀಟಿಯೂ ಇಲ್ಲ.

ಬರೆದಿಟ್ಟವರು ಏನನ್ನು ತಿಳಿದರು ನೋಡಿ. ಇಂಗ್ಲೆಂಡಿನ ತೋಟದ ಎಣಿಕೆಯಲ್ಲಿ ಎಷ್ಟೋ ವರ್ಷ ಮೊದಲ ಸ್ಥಾನ ಗುಬ್ಬಚ್ಚಿಗೇ. ಮೊದಲ ಸ್ಥಾನದಲ್ಲಿದ್ದುಕೊಂಡೇ ಅದು ೧೯೭೯ರಿಂದೀಚೆಗೆ ಅರ್ಧಕ್ಕಿಂತಲೂ ಹೆಚ್ಚು ಕುಗ್ಗಿಹೋಗಿದೆ. ಎಲ್ಲರಿಗಿಂತ ಹೆಚ್ಚಾಗಿರುವುದೂ ಕರಗುತ್ತಿರುವುದೂ ಏಕಕಾಲದಲ್ಲಿ ನಡೆಯಬಹುದು. ಕಣ್ಣಿಗೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ. ನಮ್ಮ ದೇಶದ ೨೦೨೦ರ ವರದಿಯೂ ಒಂದು ಮಾತು ಹೇಳಿತು: ದೇಶದಲ್ಲಿ ಒಟ್ಟಾರೆಯಾಗಿ ಗುಬ್ಬಚ್ಚಿಗೆ ಅಪಾಯವಿಲ್ಲ, ಆದರೆ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಅದು ಇಳಿಮುಖವಾಗಿದೆ. ಮೊಬೈಲ್ ಗೋಪುರಗಳೇ ಕಾರಣವೆಂದು ಜನ ಹೇಳುವುದುಂಟು. ಅದಕ್ಕೆ ಬಲವಾದ ಸಾಕ್ಷ್ಯವಿಲ್ಲವೆಂದು ಆ ವರದಿ ಸ್ಪಷ್ಟವಾಗಿ ತಿಳಿಸಿತು. ಮರಿಗಳಿಗೆ ತಿನ್ನಿಸಲು ಹುಳುಗಳ ಕೊರತೆ, ಗೂಡಿಗೆ ಸಂದಿಗೊಂದಿಯಿಲ್ಲದ ಹೊಸ ಮನೆಗಳು, ಇವನ್ನು ಕಾರಣಗಳೆಂದು ಹೇಳುತ್ತಾರೆ.

ಗುಬ್ಬಚ್ಚಿಯಾದರೂ ಎಲ್ಲೋ ಉಂಟು. ರಣಹದ್ದಿನ ಕಥೆ ಕೇಳಿ. ೧೯೮೦ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು, ಜಗತ್ತಿನ ದೊಡ್ಡ ಹದ್ದುಗಳ ಜಾತಿಯಲ್ಲೆಲ್ಲ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ಹಕ್ಕಿಯೆಂದು ತಿಳಿದವರು ನಂಬಿದ್ದರು. ಊರಾಚೆ ದನ ಸತ್ತು ಬಿದ್ದಲ್ಲಿ ಅವುಗಳ ಸಂತೆ. ಅಂಥದನ್ನು ಎಣಿಸುವ ಗೋಜಿಗೆ ಯಾರು ಹೋಗುತ್ತಾರೆ? ಒಬ್ಬರು ಹೋದರು. ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ ಆ ದಶಕದಲ್ಲೇ ರಣಹದ್ದುಗಳನ್ನೂ ಅವುಗಳ ಗೂಡುಗಳನ್ನೂ ಎಣಿಸಿಟ್ಟಿದ್ದರು. ೧೯೯೦ರ ದಶಕದ ಕೊನೆಗೆ ಮತ್ತೆ ಎಣಿಸಿದಾಗ ಹಳೆಯ ಸಂಖ್ಯೆ ಕೈಯಲ್ಲಿದ್ದುದರಿಂದ ಅನಾಹುತ ಬೆಳಕಿಗೆ ಬಂತು. ೧೯೯೨ರಿಂದ ೨೦೦೭ರೊಳಗೆ ಸಾವಿರ ಹಕ್ಕಿಗೆ ಒಂದು ಉಳಿದಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಅವುಗಳ ಶವದ ಮೂಲಕ ರಣಹದ್ದಿನ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತಿದೆ ಎಂಬುದು ೨೦೦೪ರಲ್ಲಿ ಪ್ರಕಟವಾಯಿತು. ೨೦೦೬ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಮ್ಮ ಸರ್ಕಾರ ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಬೇಕಾಗಿ ಬಂದದ್ದೂ ಅಳಿದುಳಿದವನ್ನು ಕಾಪಾಡಲೆಂದೇ. ಭರತಪುರದ ಆ ಹಳೆಯ ಪುಟಗಳು ಇಲ್ಲದಿದ್ದರೆ ನಾವು ಇಂದಿಗೂ ‘ಎಷ್ಟೊಂದು ಇದ್ದುವು’ ಎಂದು ಹೇಳಿಕೊಂಡು ಕೂತಿರುತ್ತಿದ್ದೆವು.

ಆದುದರಿಂದಲೇ ನನ್ನ ಪುಸ್ತಕದಲ್ಲಿ ಗುಬ್ಬಚ್ಚಿಗೆ ಒಂದು ಸಾಲು ಇಟ್ಟಿದ್ದೇನೆ. ಪ್ರತಿ ದಿನ ಅದರ ಮುಂದೆ ಸೊನ್ನೆ ಬರೆಯುತ್ತೇನೆ. “ಇಲ್ಲದ ಹಕ್ಕಿಯನ್ನು ಬರೆಯೋದು ಬೇಡ ತಾತ, ಪಟ್ಟಿ ಪೂರ್ತಿ ಅಂತ ಗುರುತು ಹಾಕಿದರೆ, ಬರೆಯದೇ ಇದ್ದದ್ದು ಕಾಣಲಿಲ್ಲ ಅಂತಲೇ ಅರ್ಥ” ಎಂದು ಮೊಮ್ಮಗಳು ಹೇಳುತ್ತಾಳೆ. ಅವಳ ಕಡತಕ್ಕೆ ಅದು ಸರಿ. ಸರ್ಕಾರಿ ಕಚೇರಿಯಲ್ಲಿ ಬೆಳೆದ ನನಗೆ ನಿಲ್ ರಿಪೋರ್ಟಿನ ಬೆಲೆ ಗೊತ್ತು. ಹೇಳಲು ಏನೂ ಇಲ್ಲವೆಂದು ಸುಮ್ಮನಿರುವುದು ಬೇರೆ. ಏನೂ ಇಲ್ಲವೆಂದು ರುಜು ಹಾಕಿ ಕಳುಹಿಸುವುದು ಬೇರೆ. ಎರಡನೆಯದರಲ್ಲಿ ಒಬ್ಬ ಮನುಷ್ಯ ಹೋಗಿ ನೋಡಿದ್ದಾನೆ ಎಂಬ ಸಾಕ್ಷ್ಯವುಂಟು.

ಈ ಮಾತಿನ ತೂಕ ೨೦೨೨ರ ಬೇಸಗೆಯಲ್ಲಿ ನನಗೆ ತಿಳಿಯಿತು. ನಮ್ಮ ಪಕ್ಕದ ಮನೆ ನಮ್ಮದಕ್ಕಿಂತ ಹಳೆಯದು. ಅದರ ಹಿತ್ತಲಲ್ಲಿ ಒಂದು ಸಂಪಿಗೆ, ಒಂದು ಗಸಗಸೆ ಹಣ್ಣಿನ ಮರ, ಗೋಡೆಗೆ ಹತ್ತಿಕೊಂಡಂತೆ ಒಂದು ಮುದಿ ನುಗ್ಗೆ. ಹಕ್ಕಿಗಳಿಗೆ ಸರ್ವೆ ನಂಬರಿನ ಹಂಗಿಲ್ಲ. ನನ್ನ ಪಟ್ಟಿಯ ಅರ್ಧ ಪಾಲು ಅಲ್ಲಿ ಉಂಡು ಇಲ್ಲಿ ಕೈತೊಳೆಯುವ ಗಿರಾಕಿಗಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಬದನಿಕೆ ಹಕ್ಕಿಗಳು ಗಸಗಸೆಯ ಹಣ್ಣಿಗೆ, ಕುಟ್ರುಹಕ್ಕಿಯೂ ಕೋಗಿಲೆಯೂ ಸಂಪಿಗೆಯ ಕೆಂಪು ಬೀಜಕ್ಕೆ. ಮನೆಯ ಹಿರಿಯರಿಬ್ಬರೂ ತೀರಿಕೊಂಡಿದ್ದರು. ಮಗ ಪರದೇಶದಿಂದ ಬಂದು ಮನೆಯನ್ನು ಮಾರಿದ. ಕೊಂಡವರು ನಾಲ್ಕಂತಸ್ತಿನ ಕಟ್ಟಡ ಏಳಿಸುವವರು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. “ಅಂಕಲ್, ಅಪ್ಪ ಅಮ್ಮ ಇಲ್ಲದ ಮನೆ. ಅಷ್ಟು ದೂರದಿಂದ ನಾನು ಹೇಗೆ ನೋಡಿಕೊಳ್ಳಲಿ?” ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಮಗನೂ ಒಂದು ದಿನ ಯಾರ ಮುಂದೋ ಕೂತು ಇದೇ ಮಾತನ್ನು ಹೇಳಬೇಕಾದೀತು. ನಾನು ಪುಸ್ತಕ ತಂದು ಅವನ ಮುಂದಿಟ್ಟೆ. ಐದು ವರ್ಷಗಳಲ್ಲಿ ಅವರ ಮೂರು ಮರಗಳಿಗೆ ಬಂದ ಹಕ್ಕಿಗಳು, ದಿನಾಂಕದ ಸಮೇತ. ಬಹಳ ಹೊತ್ತು ಪುಟ ತಿರುವಿದ. “ನಮ್ಮ ಸಂಪಿಗೆ ಮರಕ್ಕೆ ಇಷ್ಟೊಂದು ನೆಂಟರೇ?” ಎಂದ. ಅವನ ತಾಯಿ ತೀರಿಕೊಂಡ ವಾರದ ಪುಟದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತ. ಆ ವಾರವೂ ಕುಟ್ರುಹಕ್ಕಿ ಎರಡು, ಬದನಿಕೆ ಹಕ್ಕಿ ಮೂರು. ಪುಟಗಳ ಜೆರಾಕ್ಸ್ ಮಾಡಿಸಿಕೊಂಡು ಹೋದ. ಮರ ಉಳಿಯಲಿಲ್ಲ, ಮಾರಾಟವಾದ ನೆಲದ ಮೇಲೆ ಮಾರಿದವನ ಮಾತು ನಡೆಯುವುದಿಲ್ಲ.

ಕಡಿಯಲು ಆಳುಗಳು ಬಂದ ಏಪ್ರಿಲಿನಲ್ಲಿ ನುಗ್ಗೆಯ ಒಣಗೊಂಬೆಯ ತೂತಿನಲ್ಲಿ ಕುಟ್ರುಹಕ್ಕಿ ಮರಿ ಮಾಡಿತ್ತು. ಜೋಡಿ ಹಕ್ಕಿಗಳು ಸರದಿಯ ಮೇಲೆ ಹಣ್ಣು ತರುವುದನ್ನು ಹತ್ತು ದಿನದಿಂ‌ದ ಬರೆದುಕೊಂಡಿದ್ದೆ. ಮೇಸ್ತ್ರಿ ನಂಜನಗೂಡಿನ ಕಡೆಯವನು. ಅವನನ್ನು ಕರೆದು ತೂತು ತೋರಿಸಿದೆ, ಪುಸ್ತಕವನ್ನೂ ತೋರಿಸಿದೆ. ಮರಿಗಳು ತಿಂಗಳಿಗೂ ಸ್ವಲ್ಪ ಹೆಚ್ಚು ಗೂಡಿನಲ್ಲಿರುತ್ತವೆ, ಇನ್ನು ಮೂರು ನಾಲ್ಕು ವಾರ ಸಾಕು ಎಂದೆ. ಅವನು ತಲೆಯ ಮೇಲಿನ ಟವೆಲು ತೆಗೆದು ಮರ ನೋಡಿದ, ನನ್ನನ್ನು ನೋಡಿದ. “ಸಾರ್, ಮರ ಕಡಿಯೋದು ಬಿಡೋದು ನನ್ ಕೈಲಿಲ್ಲ. ಯಾವತ್ತು ಕಡಿಯೋದು ಅನ್ನೋದು ನನ್ ಕೈಲೈತೆ” ಎಂದ. ಸಂಪಿಗೆಯನ್ನು ಅಂದೇ ಕಡಿದರು, ಗಸಗಸೆಯನ್ನು ಮರುದಿನ. ಗೋಡೆಯ ಮೂಲೆಯ ನುಗ್ಗೆಯ ಸುತ್ತ ಇಟ್ಟಿಗೆ ಪೇರಿಸಿ, ಅಲ್ಲಿ ಸಾಮಾನು ಇಟ್ಟಿದೆಯೆಂದು ಹೇಳಿ ಅವನು ಮೇ ತಿಂಗಳ ನಡುವಿನವರೆಗೂ ದಿನ ತಳ್ಳಿದ. ಒಂದು ಬೆಳಿಗ್ಗೆ ತೂತಿನಿಂದ ಎರಡು ಮರಿಗಳು ಒಂದರ ಹಿಂದೆ ಒಂದು ಹಾರಿ ನಮ್ಮ ಮಾವಿಗೆ ಬಂದು ಕುಳಿತುವು. ‘ಕುಟ್ರುಹಕ್ಕಿ ೪’ ಎಂದು ಬರೆದೆ. ಆ ಹಕ್ಕಿಯ ಖಾತೆಯಲ್ಲಿ ನಾನು ಬರೆದ ಅತಿ ದೊಡ್ಡ ಸಂಖ್ಯೆ ಅದು. ಮಾರನೆಯ ದಿನ ನುಗ್ಗೆ ಹೋಯಿತು.

ಎದುರುಮನೆಯ ನಿವೃತ್ತ ಇಂಜಿನಿಯರು ನೇರವಾದ ಮನುಷ್ಯ. “ರಾಯರೆ, ಇಷ್ಟೆಲ್ಲ ಎಣಿಸಿ ಏನಾಯಿತು? ಮರ ಹೋಗಲಿಲ್ಲವೆ?” ಎಂದು ಕೇಳಿದರು. ಹೋಯಿತು. ತಪಾಸಣೆಯಿಂದ ಕಳುವಾದ ಹಣ ಹಿಂದಕ್ಕೆ ಬಂದದ್ದನ್ನು ನಾನು ನೌಕರಿಯಲ್ಲೂ ಬಹಳ ಕಂಡವನಲ್ಲ. ಆದರೆ ಹೋದದ್ದು ಇಷ್ಟು ಎಂದು ಬರೆದಿಡದಿದ್ದರೆ, ಏನೂ ಹೋಗಿಲ್ಲವೆಂದು ಹೇಳುವವನು ನಾಳೆ ಬಂದೇ ಬರುತ್ತಾನೆ. ಅವನು ಸುಳ್ಳುಗಾರನಾಗಿರಬೇಕಿಲ್ಲ. ಆ ನಾಲ್ಕಂತಸ್ತಿನಲ್ಲಿ ಹುಟ್ಟಿ ಬೆಳೆಯುವ ಮಗು ಪಾರಿವಾಳಗಳನ್ನಷ್ಟೇ ಕಂಡು, ಹಕ್ಕಿಗಳೆಂದರೆ ಇವೇ, ಮೊದಲಿನಿಂದಲೂ ಇಷ್ಟೇ ಎಂದು ಪ್ರಾಮಾಣಿಕವಾಗಿ ನಂಬಿಕೊಂಡೀತು. ಕಳೆದುಕೊಂಡದ್ದು ಗೊತ್ತಿಲ್ಲದವನು ಹುಡುಕಲು ಹೊರಡುವುದಿಲ್ಲ. ಆ ಮಗುವಿಗೆ ತೋರಿಸಲು ಒಂದು ಪುಟವಾದರೂ ಬೇಡವೆ? ಅಲ್ಲದೆ, ಮೂರು ಮರಗಳಲ್ಲಿ ಒಂದು ಗೂಡಿಗೆ ಒಂದು ತಿಂಗಳ ವಾಯಿದೆ ದೊರಕಿದ್ದು ಆ ಪುಸ್ತಕದಿಂದಲೇ. ಇಂಜಿನಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಮನೆಯ ಹೊಂಗೆ ಮರದಲ್ಲಿ ಗೂಡು ಕಟ್ಟುತ್ತಿರುವ ಕಾಗೆಯನ್ನು ಯಾವ ಕಾಗೆಯೆಂದು ಬರೆಯಬೇಕು ಎಂದು ಕೇಳಿದರು. ಕತ್ತು ಬೂದಾಗಿದ್ದರೆ ಊರುಕಾಗೆ, ಮೈಯೆಲ್ಲ ಕಪ್ಪಾಗಿದ್ದರೆ ಕಾಡುಕಾಗೆ ಎಂದೆ.

ಓದುಗರಲ್ಲಿ ನನ್ನದೊಂದು ಅರಿಕೆ. ದುರ್ಬೀನು ಬೇಡ, ಪಾಂಡಿತ್ಯ ಬೇಡ. ಹಿತ್ತಲಿಲ್ಲದವರಿಗೆ ಬಾಲ್ಕನಿ ಸಾಕು. ಅದೂ ಇಲ್ಲದವರಿಗೆ ಕಿಟಕಿ. ಹದಿನೈದು ನಿಮಿಷ ಕೂತು, ಗೊತ್ತಿರುವ ಹಕ್ಕಿಗಳಿಂದಲೇ ಆರಂಭಿಸಿ. ಅಪರೂಪದ್ದನ್ನು ಹುಡುಕಿಕೊಂಡು ಹೋಗಬೇಡಿ; ಅದನ್ನು ಎಣಿಸಲು ಬೇರೆ ಜನರಿದ್ದಾರೆ. ನಿಮ್ಮ ಮನೆಯ ಕಾಗೆಯನ್ನು, ಗೊರವಂಕವನ್ನು, ತಂತಿಯ ಮೇಲಿನ ಹದ್ದನ್ನು ಬರೆದಿಡಿ. ಬೇಕಾದಷ್ಟಿದೆ ಎನ್ನಿಸುವಾಗಲೇ ಎಣಿಸಬೇಕು. ಕಡಿಮೆಯಾದ ಮೇಲೆ ಎಣಿಸಲು ಎಲ್ಲರೂ ಬರುತ್ತಾರೆ.

ಈಗ ನಮ್ಮ ಪಕ್ಕದ ಕಟ್ಟಡ ಪೂರ್ತಿಯಾಗಿದೆ. ಸಜ್ಜಾಗಳ ಮೇಲೆ ಪಾರಿವಾಳಗಳು ಸಂಸಾರ ಹೂಡಿವೆ. ಮೊದಲ ಮಹಡಿಯಲ್ಲಿ ಒಂದು ಚಿಕ್ಕ ಹುಡುಗಿಯಿದ್ದಾಳೆ, ಬಾಲ್ಕನಿಯ ಕಂಬಿಯ ನಡುವೆ ಮುಖವಿಟ್ಟು, “ತಾತ, ಇವತ್ತು ಎಷ್ಟು?” ಎಂದು ಕೂಗುತ್ತಾಳೆ. ನಿನ್ನೆಯ ಲೆಕ್ಕವನ್ನು ಅವಳಿಗೆ ಓದಿ ಹೇಳಿದೆ. ಪಾರಿವಾಳ ೧೪. ಗೊರವಂಕ ೪. ಕಾಗೆ ೩. ಪಿಕಳಾರ ೨. ಸೂರಕ್ಕಿ ೨. ಮಡಿವಾಳ ಹಕ್ಕಿ ೧. ಟುವ್ವಿ ೧, ದನಿ ಮಾತ್ರ. ಬದನಿಕೆ ಹಕ್ಕಿ ಸೊನ್ನೆ. ಕುಟ್ರುಹಕ್ಕಿ ಸೊನ್ನೆ. ಗುಬ್ಬಚ್ಚಿ ಸೊನ್ನೆ.

“ಕುಟ್ರುಹಕ್ಕಿ ಅಂದರೆ ಹೇಗಿರುತ್ತೆ?” ಎಂದು ಹುಡುಗಿ ಕೇಳಿದಳು. ಪುಸ್ತಕ ಹಿಡಿದು ಗೋಡೆಯ ಹತ್ತಿರಕ್ಕೆ ಹೋದೆ.